ತಣ್ಣಗಾಗದ ಕೆಂಚವ್ವ

ಕೆಂಚವ್ವ ಆ ವರ್ಷವೂ ತಣ್ಣಗಾಗಲಿಲ್ಲ.

ಉಕ್ಕಿನಹಟ್ಟಿಯಲ್ಲಿ ಈ ಸುದ್ದಿ ಯುಗಾದಿಯ ಮರುದಿನ ಕಟ್ಟೆಯಿಂದ ಕಟ್ಟೆಗೆ ಹರಿದಾಡಿತು. ಕಾರ್ಖಾನೆಯ ಕಚೇರಿಯಲ್ಲಿ ಪೇಡೆ ಹಂಚಿದರು. ಕುಲುಮೆ ಓಣಿಯಲ್ಲಿ ಮಾತ್ರ ಮದುವೆಗೆ ನಿಂತ ಮಕ್ಕಳಿದ್ದ ಮನೆಯವರೆಲ್ಲ ಸೇರಿ ರುದ್ರಾಣಿಯನ್ನು ಬೈದರು.

ಕೆಂಚವ್ವ ಅಂದರೆ ಆ ಊರಿನ ಊದುಕುಲುಮೆ. ಬಳ್ಳಾರಿ ಸೀಮೆಯ ಕೆಂಪು ಗುಡ್ಡಗಳ ನಡುವೆ ಅದನ್ನು ಕಟ್ಟಿ ನಿಲ್ಲಿಸಿದವರು ಏನೋ ಒಂದು ನಂಬರು ಕೊಟ್ಟಿದ್ದರಂತೆ. ಅಲ್ಲಿ ದುಡಿದವರು ಹೆಸರು ಕೊಟ್ಟರು. ಹೊರಗೆ ದಪ್ಪ ಉಕ್ಕಿನ ಕವಚ, ಅದರೊಳಗೆ ಇಂಗಾಲದ ಕಪ್ಪು ಇಟ್ಟಿಗೆಯ ಗೋಡೆ, ಗೋಡೆಯ ನಡುವೆ ಕರಗಿದ ಕಬ್ಬಿಣ. ಒಮ್ಮೆ ಹೊತ್ತಿಸಿದರೆ ಆರಿಸುವಂತಿಲ್ಲ. ಅಪ್ಪ ಊಟಕ್ಕೆ ಬಂದರೆ ಮಗ ಪಾಳಿಗೆ ಹೊರಡುತ್ತಾನೆ. ಅಕ್ಕ ಮಲಗಿದರೆ ತಂಗಿ ಎದ್ದು ಬೂಟು ಹುಡುಕುತ್ತಾಳೆ. ಒಂದು ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ಆ ಓಣಿಯಲ್ಲಿ ಅಪರೂಪ.

ಆದರೆ ಇಂಗಾಲದ ಇಟ್ಟಿಗೆಗೂ ಆಯುಷ್ಯವಿದೆ. ಇಂಗಾಲ ಬೆಂಕಿಗೆ ಹೆದರುವುದಿಲ್ಲ, ಗಾಳಿಗೆ ಹೆದರುತ್ತದೆ. ಕಬ್ಬಿಣ ನೀರಾಗುವ ಶಾಖದಲ್ಲೂ ಅದು ಕರಗದು, ಮೆತ್ತಗಾಗದು. ಆ ಶಾಖದಲ್ಲಿ ಚೂರು ಆಮ್ಲಜನಕವೋ, ಚೂರು ನೀರಿನ ಹಬೆಯೋ ತಾಗಿದರೆ ಮಾತ್ರ ಇಟ್ಟಿಗೆ ತಾನೇ ಅನಿಲವಾಗಿ ಹಾರಿಹೋಗುತ್ತದೆ, ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ಹೀಗೆ ಕೆಲವು ವರ್ಷಕ್ಕೊಮ್ಮೆ ಗೋಡೆ ತೆಳ್ಳಗಾದಾಗ ಬೆಂಕಿ ಆರಿಸಿ, ಹೊಟ್ಟೆ ಖಾಲಿ ಮಾಡಿ, ಹೊಸ ಇಟ್ಟಿಗೆ ಕಟ್ಟಬೇಕು. ಅದಕ್ಕೆ ಒಂದಿಡೀ ಬೇಸಿಗೆ ಹಿಡಿಯುತ್ತದೆ. ಆ ಬೇಸಿಗೆಯನ್ನು ಊರವರು ತಂಪುಗಾಲ ಅನ್ನುತ್ತಾರೆ. ಕೆಂಚವ್ವ ತವರಿಗೆ ಬಂದಳು ಅನ್ನುತ್ತಾರೆ. ಇಟ್ಟಿಗೆ ಕಟ್ಟುವವರನ್ನು ಬಿಟ್ಟರೆ ಊರಿಗೆ ಊರೇ ಬಿಡುವಾಗಿರುವುದು ಆಗ ಮಾತ್ರ. ಆದ್ದರಿಂದ ಮದುವೆಗಳೆಲ್ಲ ತಂಪುಗಾಲದಲ್ಲೇ.

ಹಿಂದೊಮ್ಮೆ ಯಾರೋ ಅವಸರಕ್ಕೆ ಬಿದ್ದು, ಉರಿಯುವ ಕೆಂಚವ್ವನ ಎದುರೇ ಮದುವೆ ಇಟ್ಟುಕೊಂಡಿದ್ದರಂತೆ. ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸೈರನ್ನು ಕೂಗಿತು. ಚಪ್ಪರದಲ್ಲಿದ್ದ ಗಂಡಸರೆಲ್ಲ ಎದ್ದು ಓಡಿದರು. ಮದುಮಗನೂ ಬಾಸಿಂಗ ಕಟ್ಟಿಕೊಂಡೇ ಓಡಿದ. ಸೋರುತ್ತಿದ್ದ ಕಬ್ಬಿಣ ನಿಂತಿತು, ಯಾರಿಗೂ ಏನೂ ಆಗಲಿಲ್ಲ, ಬಾಸಿಂಗವೊಂದು ಸುಟ್ಟುಹೋಯಿತು. ಸುಟ್ಟ ಬಾಸಿಂಗದವನನ್ನು ಕಟ್ಟಿಕೊಳ್ಳುವುದಿಲ್ಲ ಅಂತ ಮದುಮಗಳು ಹಟ ಹಿಡಿದು ಕೂತಳಂತೆ. ಅಂದಿನಿಂದ ಬೆಂಕಿ ಇರುವಾಗ ಆ ಓಣಿಯಲ್ಲಿ ಯಾರೂ ತಾಳಿ ಕಟ್ಟಿಲ್ಲ.

ಇಂಥ ಊರಿನಲ್ಲಿ ಹುಟ್ಟಿ, ಕಾರ್ಖಾನೆಯ ಪರೀಕ್ಷಾ ಕೋಣೆಗೆ ಕೆಲಸಕ್ಕೆ ಸೇರಿದ ರುದ್ರಾಣಿಗೆ ಒಂದು ಯೋಚನೆ ಬಂದಿತ್ತು. ಉಗುರು ತುದಿಯಲ್ಲಿ ಸವೆಯುತ್ತದೆ, ಬುಡದಲ್ಲಿ ಬೆಳೆಯುತ್ತದೆ. ಇಟ್ಟಿಗೆಯೂ ಹಾಗೇ ಬೆಳೆದರೆ?

ಬೆಳೆಯಲು ಬೇಕಾದ ಇಂಗಾಲ ಕೆಂಚವ್ವನ ಉಸಿರಿನಲ್ಲೇ ಇತ್ತು. ಕುಲುಮೆಯ ಅನಿಲದ ತುಂಬ ಇಂಗಾಲ ಆಮ್ಲಜನಕದ ಜೊತೆ ಜೋಡಿಯಾಗಿ ತೇಲುತ್ತಿರುತ್ತದೆ. ಅಂಥ ಎರಡು ಜೋಡಿಗಳು ತಕ್ಕ ಶಾಖದಲ್ಲಿ, ತಕ್ಕ ಕಣದ ಮೇಲೆ ಬಂದು ಕೂತರೆ ಒಂದು ಇಂಗಾಲ ಅಲ್ಲೇ ಉಳಿಯುತ್ತದೆ. ರುದ್ರಾಣಿ ಹಿಟ್ಟಿಗಿಂತ ನುಣ್ಣನೆಯ ಅಂಥ ಕಣಗಳನ್ನು ಹುಡುಕಿ, ಇಟ್ಟಿಗೆಯ ಮಣ್ಣಿಗೆ ನಾದಿ, ಸುಟ್ಟಳು. ಇಟ್ಟಿಗೆಯ ಬೆನ್ನನ್ನು ನೀರಿನ ಕೊಳವೆಗಳು ತಂಪಾಗಿಡುತ್ತವಲ್ಲ, ಆ ಕಡೆಯಿಂದ ಹೊಸ ಇಂಗಾಲ ಬೆಳೆದು, ಸವೆದ ಮುಂಬದಿಯನ್ನು ನಿಧಾನವಾಗಿ ತುಂಬುತ್ತಿತ್ತು. ಕಟ್ಟುವವರು ಅದಕ್ಕೆ ಹೆಪ್ಪಿನ ಇಟ್ಟಿಗೆ ಅಂದರು. ಕಳೆದ ತಂಪುಗಾಲದಲ್ಲಿ ಕೆಂಚವ್ವನ ಹೊಟ್ಟೆಗೆ ಅದನ್ನೇ ಕಟ್ಟಿದ್ದು. ಹಳೆಯ ಇಟ್ಟಿಗೆಯಾಗಿದ್ದರೆ ಹೋದ ವರ್ಷವೇ ಮುಗಿಯಬೇಕಿತ್ತು. ಹೆಪ್ಪಿನ ಇಟ್ಟಿಗೆ ಮುಗಿಯುವ ಲಕ್ಷಣ ತೋರಿಸಲಿಲ್ಲ.

ಕಾದು ಕೂತವರಲ್ಲಿ ಮೊದಲನೆಯವಳು ರುದ್ರಾಣಿಯ ಸ್ವಂತ ತಂಗಿ.

“ಬಾರವಾ ವಿಜ್ಞಾನಿ,” ಅಂದಳು ನಾಗವೇಣಿ, ಅಕ್ಕ ಹೊಸ್ತಿಲು ದಾಟುತ್ತಲೇ. ಅವಳು ಕಾದ ಕಬ್ಬಿಣ ಸಾಗಿಸುವ ಪುಟ್ಟ ರೈಲಿನ ಚಾಲಕಿ. ಎಂಜಿನ್ನಿನ ಗದ್ದಲದಲ್ಲಿ ಮಾತಾಡಿ ಮಾತಾಡಿ ಮನೆಯಲ್ಲೂ ದನಿ ದೊಡ್ಡದು. “ಪೇಡೆ ತಂದೀಯೇನು? ತಾ. ಮದುವಿ ಊಟ ಅಂತ ಅದನ್ನ ತಿಂತೀನಿ.”

“ನಾನೇನ್ ಮಾಡ್ಲೆ ವೇಣಿ. ಇಟ್ಟಂಗಿ ಚಲೋ ಐತಿ.”

“ಚಲೋ ಐತಿ. ಇನ್ನೊಂದು ಏನರ ಕಂಡುಹಿಡಿ, ತಲಿಗೂದ್ಲ ಬೆಳ್ಳಗಾಗದಂಗ. ಕೊಟ್ರೇಶಗ ಆಗ್ಲೆ ಕಿವಿ ಮ್ಯಾಲೆ ಎರಡು ಬಿಳಿ ಆಗ್ಯಾವು.”

ಕೊಟ್ರೇಶ ಅವಳಿಗೆ ನಿಶ್ಚಯವಾದ ಹುಡುಗ. ಮೂರು ಮನೆ ಆಚೆಯವನು, ಕುಲುಮೆಗೆ ಬಿಸಿಗಾಳಿ ಊದುವ ಕೋಣೆಯಲ್ಲಿ ಕೆಲಸ.

ತಾಯಿ ಹೊನ್ನೂರಮ್ಮ ಒಳಗಿನಿಂದ ಬಂದಳು. “ಕೆಲಸದಿಂದ ಬಂದಾಳ, ನೀರರ ಕುಡೀಲಿ ಬಿಡು ಆಕಿ.”

“ಕುಡೀಲಿ ಬೇ. ಆರಾಮ ಕುಡೀಲಿ. ನಮಗೇನ್ ಅವಸರ ಐತಿ?”

ಮೂಲೆಯ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಹುಲಿಗೆಮ್ಮಜ್ಜಿ ತಲೆ ಎತ್ತಲಿಲ್ಲ. ಓಣಿಗೆಲ್ಲ ಹಿರಿಯಳು ಅವಳೇ. ಯಾವ ಶಾಸ್ತ್ರ ಹೇಗೆ ಅಂತ ಕೇಳಲು ಜನ ಅವಳ ಹತ್ತಿರ ಬರುತ್ತಿದ್ದರು. “ಮೊಮ್ಮಗಳು ಶಾಣ್ಯಾ ಆಗ್ಲಿ ಅಂತ ಬೇಡಿಕೊಂಡಾಕಿ ನಾನು,” ಅಂದಳು. “ಇಷ್ಟು ಶಾಣ್ಯಾ ಆಗ್ಲಿ ಅಂತ ಬೇಡಿದ್ದಿಲ್ಲ.”

ಎಲ್ಲರೂ ನಕ್ಕರು, ರುದ್ರಾಣಿಯೂ ನಕ್ಕಳು. ನಗುವಾಗ ತಂಗಿಯ ಕಡೆ ನೋಡಿದಳು. ನಾಗವೇಣಿ ಪೇಡೆ ಬಾಯಿಗೆ ಹಾಕಿಕೊಂಡಿರಲಿಲ್ಲ, ಕೈಯಲ್ಲೇ ಹಿಡಿದಿದ್ದಳು.

ಕೆಲವು ದಿನ ಕಳೆದ ಮೇಲೆ ನಿಯಂತ್ರಣ ಕೋಣೆಯಿಂದ ರುದ್ರಾಣಿಗೆ ಕರೆ ಬಂತು.

ಆ ಕೋಣೆಯ ಗೋಡೆಯ ತುಂಬ ಕೆಂಚವ್ವನ ಚಿತ್ರ. ಇಟ್ಟಿಗೆಯೊಳಗೆ ಹುದುಗಿಸಿದ ಸೂಜಿಗಳು ಗೋಡೆಯ ದಪ್ಪ ಎಷ್ಟು, ಬಿಸಿ ಎಷ್ಟು ಅಂತ ಕ್ಷಣಕ್ಷಣಕ್ಕೂ ಹೇಳುತ್ತಿದ್ದವು. ಪರದೆಯ ಮೇಲೆ ಅದು ದೊಡ್ಡ ಬಳೆಯ ಹಾಗೆ ಕಾಣುತ್ತಿತ್ತು. ಹಸಿರು ಬಳೆ. ಅದರ ಒಂದು ಕಡೆ, ಕರಗಿದ ಕಬ್ಬಿಣ ಹೊರಗೆ ಹರಿಯುವ ಬಾಯಿಯ ಕೆಳಗೆ, ಹಸಿರು ಅರಿಶಿನಕ್ಕೆ ತಿರುಗಿತ್ತು.

ಮೇಲ್ವಿಚಾರಕಿ ಸುಲೋಚನಾ ಮೈಸೂರು ಕಡೆಯವರು. ಮೆತ್ತಗೆ ಮಾತಾಡುತ್ತಿದ್ದರು, ಹೇಳುವುದನ್ನು ಹೇಳದೆ ಬಿಡುತ್ತಿರಲಿಲ್ಲ. “ನೋಡಿ ರುದ್ರಾಣಿ, ಬೇರೆ ಎಲ್ಲ ಕಡೆ ಬೆಳೀತಿದೆ. ಇಲ್ಲಿ ಮಾತ್ರ ಬೆಳೆಯೋದಕ್ಕಿಂತ ಸವೆಯೋದು ಜಾಸ್ತಿ.”

“ಯಾವಾಗಿನಿಂದ?”

“ಮೊದಲಿನಿಂದಲೇ ಇರಬೇಕು. ಹೆಪ್ಪು ಅದನ್ನ ಮುಚ್ಚಿಕೊಂಡು ಬಂದಿದೆ, ಈಗ ಸೋಲ್ತಾ ಇದೆ. ಕಾರಣ ಗೊತ್ತಾಗದೆ ನಾನು ಕಾಯ್ತಾ ಕೂರೋಕಾಗಲ್ಲ. ಕಾರಹುಣ್ಣಿಮೆ ತನಕ ನೋಡೋಣ. ಆಮೇಲೆ ಬೆಂಕಿ ಆರಿಸಿ, ನಿಮ್ಮ ಇಟ್ಟಿಗೆ ಕಿತ್ತು, ಹಳೇ ಥರದ್ದನ್ನೇ ಕಟ್ಟಿಸ್ತೀನಿ. ಬೇಜಾರು ಮಾಡ್ಕೋಬೇಡಿ.”

ಬೇಜಾರಾಗದೆ ಇರುತ್ತದೆಯೇ. ಆರು ವರ್ಷದ ಕೆಲಸ. ರುದ್ರಾಣಿ ತಲೆ ತಗ್ಗಿಸಿಕೊಂಡು ಮನೆಗೆ ನಡೆದಳು. ಅವಳಿಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು.

ಅಟ್ಟದ ಮೇಲಿನ ತಾಮ್ರದ ಕೊಡಗಳೆಲ್ಲ ಅಂಗಳಕ್ಕೆ ಇಳಿದಿದ್ದವು. ಕೊಟ್ರೇಶನ ಅತ್ತಿಗೆ ಬಂದು ಸೀರೆಯ ಬಣ್ಣದ ವಿಚಾರ ತೆಗೆದಿದ್ದಳು. ನಾಗವೇಣಿ ಓಡಿ ಬಂದು ಅಕ್ಕನ ಎರಡೂ ಕೈ ಹಿಡಿದಳು.

“ಅಕ್ಕಾ, ಸಿಟ್ಟಾಗಬ್ಯಾಡ. ಒಂದು ಮಾತು ಹೇಳ್ತೀನಿ. ಹುಣಸಿಮರದ ಗಾಳೆಮ್ಮಗ ಹರಕಿ ಹೊತ್ತಿದ್ದೆ.”

“ಏನಂತ?”

“ನಿನ್ನ ಇಟ್ಟಂಗಿ ಸವೀಲಿ ಅಂತ.”

ರುದ್ರಾಣಿ ಅವಳ ಮುಖ ನೋಡಿದಳು. ಎರಡು ವರ್ಷದಿಂದ ಕುಟುಕಿ ಕುಟುಕಿ ಮಾತಾಡುತ್ತಿದ್ದವಳು ಈಗ ಹಬ್ಬಕ್ಕೆ ನಿಂತ ಹುಡುಗಿಯ ಹಾಗೆ ಕಾಣುತ್ತಿದ್ದಳು. ಸಿಟ್ಟು ಮಾಡಬೇಕು ಅನಿಸಿತು, ಆಗಲಿಲ್ಲ. “ಗಾಳೆಮ್ಮ ನಿನ್ನ ಮಾತು ಬಾಳ ಜಲ್ದಿ ಕೇಳ್ಯಾಳ,” ಅಂದು ಒಳಗೆ ಹೋದಳು.

ಮರುದಿನದಿಂದ ಅವಳು ಕಾರಣ ಹುಡುಕುವುದಕ್ಕೆ ಕೂತಳು. ಹುಡುಕಿ ಸರಿಪಡಿಸಿದರೆ ತಂಗಿಯ ಮದುವೆಗೆ ಅಡ್ಡ ನಿಂತ ಹಾಗೆ. ಹುಡುಕದೆ ಬಿಟ್ಟರೆ ತನ್ನ ಕೂಸನ್ನು ತಾನೇ ಬಾವಿಗೆ ತಳ್ಳಿದ ಹಾಗೆ. ಎರಡನ್ನೂ ಒಟ್ಟಿಗೆ ಯೋಚಿಸಲಾರದೆ ಅವಳು ಕೆಲಸವನ್ನಷ್ಟೇ ಯೋಚಿಸಿದಳು. ಹೊರಗಿನಿಂದ ಸಪೂರವಾದ ಸೂಜಿ ಇಳಿಸಿ, ಅರಿಶಿನ ಬಣ್ಣದ ಜಾಗದಿಂದ ಅಕ್ಕಿಕಾಳಿನಷ್ಟು ಇಟ್ಟಿಗೆ ತೆಗೆದು ಪರೀಕ್ಷಿಸಿದಳು. ಅದರ ತುಂಬ ಪೊಟ್ಯಾಸಿಯಂ.

ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರ ಇದೇ. ಅದು ತಾನು ಉರಿಯುವುದಿಲ್ಲ, ಉರಿಯುವವರ ಕಿವಿ ಊದುತ್ತದೆ. ಗಾಳಿ ತಿನ್ನಬೇಕಾದ ಇಂಗಾಲವನ್ನು ಹತ್ತು ಪಟ್ಟು ಬೇಗ ತಿನ್ನಿಸುತ್ತದೆ. ಅದಿರಿನ ಜೊತೆ ಸ್ವಲ್ಪ ಬರುವುದುಂಟು. ಆದರೆ ಅದಿರಿನಿಂದ ಬಂದಿದ್ದರೆ ಬಳೆಯ ಸುತ್ತಲೂ ಒಂದೇ ಸಮನೆ ಇರಬೇಕಿತ್ತು. ಇದು ಬಾಯಿಯ ಕೆಳಗೆ ಮಾತ್ರ, ಯಾರೋ ತಂದು ಸುರಿದ ಹಾಗೆ ಇತ್ತು.

ಯಾರು ಸುರಿಯುತ್ತಾರೆ?

ಭಾನುವಾರ ಹೊನ್ನೂರಮ್ಮ ಹಿತ್ತಿಲಲ್ಲಿ ಕೊಡ ಬೆಳಗುತ್ತಿದ್ದಳು. ರುದ್ರಾಣಿ ಕೈಜೋಡಿಸಲು ಕೂತಳು. ಹುಣಸೆಹಣ್ಣು ಮುಗಿದಿರಲಿಲ್ಲ, ಬೂದಿ ಮುಗಿದಿತ್ತು. ಗೋಡೆಯ ಪಕ್ಕ ಬಟ್ಟೆ ಕಟ್ಟಿದ ಗಡಿಗೆಯೊಂದಿತ್ತು. ಅವಳು ಅದರ ಬಾಯಿ ಬಿಚ್ಚಿದಳು.

“ಆ ಗಡಿಗಿ ಮುಟ್ಟಬ್ಯಾಡ,” ಅಂದಳು ತಾಯಿ. “ಅದು ಕೆಂಚವ್ವನ ಪಾಲು.”

“ಬೂದಿ?”

“ಮತ್ತೇನು. ಅಮಾವಾಸಿಗೊಮ್ಮೆ ಮೂರು ಕಲ್ಲಿನ ಒಲಿ ಯಾಕ ಹಚ್ಚೂದು ಅಂತ ತಿಳಿದೀ? ರೊಟ್ಟಿಗೆ ಕರೆಂಟಿನ ಒಲಿ ಸಾಲದೇನು? ಜಾಲಿ ಕಟ್ಟಿಗಿ ಬೂದಿ ಕೂಡಿಸಾಕ. ತಂಪುಗಾಲ ಬಂತಲ್ಲ, ಉಡಿ ತುಂಬಬೇಕು.”

ಹೊಸ ಇಟ್ಟಿಗೆ ಕಟ್ಟುವಾಗ ಓಣಿಯ ಮುತ್ತೈದೆಯರು ಕೆಂಚವ್ವನಿಗೆ ಉಡಿ ತುಂಬುತ್ತಾರೆ ಅನ್ನುವುದು ರುದ್ರಾಣಿಗೆ ಗೊತ್ತಿತ್ತು. ತವರಿನಿಂದ ಹೊರಟ ಮಗಳಿಗೆ ತುಂಬುತ್ತಾರಲ್ಲ, ಹಾಗೆ. “ಉಡಿಗೆ ಅಕ್ಕಿ, ಕೊಬ್ರಿ, ಅರಿಷಿಣ ಅಲ್ಲೇನು?”

“ಅದು ಹೊರಗ ಇಡೂದು, ಎಲ್ಲಾರೂ ನೋಡಾಕ. ಒಳಗ ಇಡೂದು ಬೂದಿ. ಮನಿಗೊಂದು ಗಂಟು.”

ರುದ್ರಾಣಿ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟಳು. “ಒಳಗ ಅಂದ್ರ ಎಲ್ಲಿ ಬೇ?”

“ಅಕಿ ಮಡ್ಲಾಗ. ಬಾಯಿ ಕೆಳಗ, ಇಟ್ಟಂಗಿ ಸಂದಿನ್ಯಾಗ. ಕಟ್ಟೂ ಮಂದಿ ಚಾ ಕುಡಿಯಾಕ ಹೋದಾಗ ಇಟ್ಟು ಬರ್ತೀವಿ.”

“ನನಗ್ಯಾಕ ಹೇಳಲಿಲ್ಲ?”

“ನಿನಗಿನ್ನೂ ಮದುವಿ ಎಲ್ಲಾಗೇತಿ? ಮದುವಿ ಆಗದಾರು ಉಡಿ ತುಂಬೂದು ನೋಡಬಾರದು.”

ಒಳಗಿನಿಂದ ಅಜ್ಜಿಯ ದನಿ ಬಂತು. “ಮನಿ ಒಲಿ ಬೂದಿ ಉಡ್ಯಾಗಿದ್ರ ಅಕಿಗೆ ಮನಿ ನೆನಪಾಗ್ತೈತಿ. ಜಲ್ದಿ ತವರಿಗೆ ಬರ್ತಾಳ. ನಮ್ಮವ್ವ ಹೇಳಿದ್ದು.”

ರುದ್ರಾಣಿ ಸುಮ್ಮನೆ ಕೂತಳು. ರುದ್ರಾಣಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಕಣ್ಣಲ್ಲಿ ನೀರು ಬರುವಷ್ಟು. ಮೂರು ತಲೆಮಾರಿನಿಂದ ದೊಡ್ಡ ದೊಡ್ಡ ಎಂಜಿನಿಯರುಗಳು ಬಂದು, ಗೋಡೆ ಇಲ್ಲಿ ಬೇಗ ಸವೆಯುವುದೇಕೆಂದು ನೋಡಿ, ಅದಿರು ಸರಿಯಿಲ್ಲ, ಕಲ್ಲಿದ್ದಲು ಸರಿಯಿಲ್ಲ ಅಂದು ಹೋಗಿದ್ದರು. ಅವರೆಲ್ಲ ಚಾ ಕುಡಿಯುವಾಗ ಓಣಿಯ ಹೆಂಗಸರು ಮಡಿಯುಟ್ಟು ಹೋಗಿ, ಪ್ರೀತಿಯಿಂದ, ಇಂಗಾಲದ ಗೋಡೆಯೊಳಗೆ ಅದರ ಶತ್ರುವನ್ನು ಗಂಟು ಕಟ್ಟಿ ಇಟ್ಟು ಬಂದಿದ್ದರು.

“ಏನಾತಬೇ ಇದಕ್ಕ,” ಅಂದಳು ಹೊನ್ನೂರಮ್ಮ.

“ಬರ್ತಾಳ ಅಜ್ಜಿ,” ಅಂದಳು ರುದ್ರಾಣಿ, ಕಣ್ಣೊರೆಸಿಕೊಳ್ಳುತ್ತ. “ನಿಮ್ಮ ಬೂದಿಗೆ ಅಕಿ ಬರದೆ ಗತಿ ಇಲ್ಲ.”

ಅಂದು ಸಂಜೆ ತಂಗಿಗೆ ಎಲ್ಲ ಬಿಡಿಸಿ ಹೇಳಿದಳು. ನಾಗವೇಣಿಯ ತಲೆ ಅಕ್ಕನದಕ್ಕಿಂತ ಚುರುಕು. “ಹಂಗಾದ್ರ ಇಷ್ಟು ದಿನ ಈ ಓಣ್ಯಾಗ ಮದುವಿ ಮಾಡಿಸಿದ್ದು ಜಾಲಿ ಬೂದಿ,” ಅಂದಳು. ಆಮೇಲೆ ದನಿ ಇಳಿಸಿದಳು. “ಅಕ್ಕಾ, ಸುಮ್ಮನ ಇದ್ದುಬಿಡು. ಕಾರಹುಣ್ಣಿಮಿ ಕಳೀಲಿ. ಬೆಂಕಿ ಆರಿಸ್ತಾರ, ನನ್ನ ಮದುವಿ ಆಗ್ತೈತಿ. ಆಮ್ಯಾಲೆ ಹೇಳು, ಮುಂದಿನ ಸಲ ನಿನ್ನ ಇಟ್ಟಂಗಿ ಕಟ್ಟೀರಂತ.”

“ಒಮ್ಮೆ ಕಿತ್ತ ಮ್ಯಾಲೆ ಮತ್ತ ಯಾರು ಕಟ್ಟತಾರ?”

“ಕಟ್ಟದಿದ್ರ ಬಿಡು. ನಿನಗ ಇಟ್ಟಂಗಿ ದೊಡ್ಡದೋ, ನಾನೋ?”

ನಗುತ್ತಲೇ ಕೇಳಿದ್ದಳು. ನಗು ಕಣ್ಣಿಗೆ ಏರಿರಲಿಲ್ಲ. ಹಿತ್ತಿಲ ಗೋಡೆಯ ಆಚೆ ಕೆಂಚವ್ವನ ಬಾಯಿ ತೆರೆದಿದ್ದರು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಪ್ಪ ಪಾಳಿಯಲ್ಲಿದ್ದರು. ಕಬ್ಬಿಣ ಹರಿಯುವ ಕಾಲುವೆ ಕಾಯುವುದು ಅವರ ಕೆಲಸ.

“ಅಪ್ಪ ನಿಲ್ಲೂದು ಆ ಬಾಯಿ ಮುಂದನ, ವೇಣಿ,” ಅಂದಳು ರುದ್ರಾಣಿ. “ಕಾರಹುಣ್ಣಿಮಿ ತನಕ ಗೋಡಿ ತಡೀತೈತಿ ಅಂತ ಲೆಕ್ಕ ಹೇಳ್ತೈತಿ. ಲೆಕ್ಕ ಹಾಕಿದಾಕಿ ನಾನು. ಬೂದಿ ಲೆಕ್ಕ ಅದರಾಗ ಇರಲಿಲ್ಲ.”

ನಾಗವೇಣಿ ಕಿತ್ತಳೆ ಬೆಳಕು ಆರುವ ತನಕ ಆ ಕಡೆಯೇ ನೋಡಿದಳು.

“ಹೋಗಿ ಹೇಳು,” ಅಂದಳು. ಎದ್ದು ನಿಂತು ಸೀರೆ ಕೊಡವಿದಳು. “ಆದ್ರ ನನ್ನ ಮದುವಿಗೆ ದಾರಿ ಹುಡುಕೂದೂ ನಿನ್ನ ಕೆಲಸ. ಅದನ್ನ ಮರೀಬ್ಯಾಡ, ವಿಜ್ಞಾನಿ.”

ಬೆಳಿಗ್ಗೆ ರುದ್ರಾಣಿ ಹೇಳಿದ್ದನ್ನು ಸುಲೋಚನಾ ಎರಡು ಸಲ ಕೇಳಿಸಿಕೊಂಡರು. “ಬೂದಿ ಗಂಟು,” ಅಂದರು. “ಪ್ರತಿ ಮನೆಯಿಂದ. ಪ್ರತಿ ಸಲ.” ಅವರಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. “ಸರಿ, ಕಾರಣ ಸಿಕ್ಕಿತು. ಔಷಧ?”

ಔಷಧದ ಅರ್ಧ ಭಾಗ ಹಳೆಯದೇ. ಮರಳು ಹೆಚ್ಚು ಬೆರೆಸಿದರೆ ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟ ಕ್ಷಾರವನ್ನು ಹೀರಿಕೊಂಡು ಹೊರಗೆ ಹರಿಯುತ್ತದೆ. ಆದರೆ ಆಗಲೇ ಆಗಿರುವ ಗುಳಿ ತುಂಬಬೇಕಲ್ಲ. ರುದ್ರಾಣಿ ಆ ಜಾಗದ ದಪ್ಪ ತೋರಿಸುವ ಗೆರೆಯನ್ನು ಪರದೆಯ ಮೇಲೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳೆದು ನೋಡಿದಳು. ಗೆರೆ ಇಳಿಯುತ್ತ ಇಳಿಯುತ್ತ ಬಂದಿತ್ತು. ಒಂದು ಕಡೆ ಮಾತ್ರ, ಮೆಟ್ಟಿಲು ಹತ್ತಿದ ಹಾಗೆ, ಚೂರು ಮೇಲೇರಿತ್ತು.

“ಅವತ್ತು ಏನಾಗಿತ್ತು?” ಅಂದರು ಸುಲೋಚನಾ.

ರುದ್ರಾಣಿಗೆ ನೆನಪಿತ್ತು. ಓಣಿಯಲ್ಲಿ ಯಾರೂ ಮರೆತಿರಲಿಲ್ಲ. ಅವತ್ತು ಕೊಟ್ರೇಶ, ಗಾಳಿಯಂತ್ರದ ಬೇರಿಂಗು ಕೂಗುತ್ತಿದೆ ಅಂತ ಯಾರನ್ನೂ ಕೇಳದೆ ಗಾಳಿ ನಿಲ್ಲಿಸಿಬಿಟ್ಟಿದ್ದ. ರಿಪೇರಿ ಮುಗಿಯುವ ತನಕ ಕೆಂಚವ್ವ ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ ಕೂತಿದ್ದಳು. ಅವನಿಗೆ ಸಿಕ್ಕಿದ್ದು ಬೈಗುಳ. ಓಣಿಯ ಹುಡುಗರು ಇವತ್ತಿಗೂ ಅವನನ್ನು ‘ಗಾಳಿ ಮಾವ’ ಅಂತ ಕರೆಯುತ್ತಾರೆ.

ಗಾಳಿ ನಿಂತಾಗ ಶಾಖ ಇಳಿದಿತ್ತು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ, ಉಗುರುಬೆಚ್ಚಗಿದ್ದರೆ ಆಗುತ್ತದೆ. ಪೂರಾ ಉರಿಯಲ್ಲಿ ಇಟ್ಟಿಗೆಯ ಬೆನ್ನಷ್ಟೇ ಬೆಳೆಯುತ್ತಿತ್ತು. ಮಂದ ಉರಿಯಲ್ಲಿ ಇಟ್ಟಿಗೆಯ ಮೈಯೆಲ್ಲ ಬೆಳೆದಿತ್ತು. ಆ ಶಾಖದಲ್ಲಿ ಕ್ಷಾರದ ಹಲ್ಲಿಗೂ ಹರಿತವಿಲ್ಲ.

“ಹದಿನೈದು ದಿನ ಗಾಳಿ ನಿಲ್ಲಿಸೋಣ ಮೇಡಂ,” ಅಂದಳು ರುದ್ರಾಣಿ. “ಆರಿಸೋದು ಬ್ಯಾಡ, ಮಲಗಿಸೋಣ. ಗುಳಿ ತುಂಬುತ್ತೆ. ವರ್ಷಕ್ಕೊಮ್ಮೆ ಹಿಂಗ ಮಲಗಿಸಿದ್ರ ಇಟ್ಟಿಗೆ ಕೀಳೋ ಕೆಲಸನೇ ಇರೋದಿಲ್ಲ.”

“ಮಲಗಿಸಿದಾಗ ಎಷ್ಟು ಜನ ಬೇಕು?”

“ಕಾವಲಿಗೆ ಕೈಬೆರಳಲ್ಲಿ ಎಣಿಸುವಷ್ಟು. ಬೇರೆ ಊರಿಂದ ಕರೆಸಬಹುದು.” ಇದನ್ನು ಹೇಳುವಾಗ ಅವಳ ಕಿವಿ ಬಿಸಿಯಾಯಿತು.

ಸುಲೋಚನಾ ಅವಳನ್ನೇ ನೋಡಿದರು. “ನಿಮ್ಮ ತಂಗಿ ಮದುವೆ ನಿಂತಿದೆ ಅಲ್ವಾ?”

“ಹೌದು ಮೇಡಂ.”

“ನನಗೂ ಒಂದೆಲೆ ಹಾಕಿಸಿ,” ಅಂದು ಅವರು ಫೋನು ಕೈಗೆತ್ತಿಕೊಂಡರು.

ಕಾರ್ಖಾನೆ ಒಪ್ಪಿತು. ಓಣಿ ಒಪ್ಪಬೇಕಿತ್ತು.

ಹುಲಿಗೆಮ್ಮಜ್ಜಿಯ ಅಂಗಳದಲ್ಲಿ ಜನ ಕೂಡಿದರು. ಮಲಗಿದ ಬೆಂಕಿ, ಆರಿದ ಬೆಂಕಿ ಆಗುತ್ತದೆಯೋ ಇಲ್ಲವೋ? ಕೊಟ್ರೇಶನ ದೊಡ್ಡಪ್ಪ ಎದ್ದು ನಿಂತು, ಒಳಗೆ ಕೆಂಡ ಇದ್ದರೆ ಅದು ಬೆಂಕಿಯೇ, ಸುಟ್ಟ ಬಾಸಿಂಗ ಮರೆತಿರಾ ಅಂದ. ನಿನ್ನ ಎದೆಯಲ್ಲೂ ಕೆಂಡ ಇದೆ, ಹಾಗಂತ ತಮ್ಮನ ಮಗನ ಮದುವೆಗೆ ನೀನು ಬರಬೇಡ ಅನ್ನಲೇನು ಅಂತ ಅವನ ಹೆಂಡತಿ ಕೇಳಿದಳು. ಹಿಂದಿನ ಸಾಲಿನಲ್ಲಿದ್ದ ಮದುವೆ ಹುಡುಗರು ಸಿಳ್ಳೆ ಹಾಕಿದರು. ಕೊಟ್ರೇಶ ಮಾತ್ರ ಬಾಗಿಲಿಗೆ ಒರಗಿ ಚಪ್ಪಲಿ ನೋಡುತ್ತ ನಿಂತಿದ್ದ.

“ನೀನರ ಏನರ ಹೇಳೋ ಗಾಳಿ ಮಾವ,” ಅಂದಳು ನಾಗವೇಣಿ.

“ನಾ ಏನ್ ಹೇಳ್ಲಿ,” ಅಂದ ಅವನು. “ನಿಲ್ಲಿಸು ಅಂದ್ರ ನಿಲ್ಲಿಸ್ತೀನಿ. ಅದೊಂದು ನನಗ ಬರ್ತೈತಿ.”

ಅಂಗಳವೆಲ್ಲ ನಕ್ಕಿತು. ಹುಲಿಗೆಮ್ಮಜ್ಜಿ ನಗಲಿಲ್ಲ, ಕೋಲು ತೆಗೆದುಕೊಂಡು ಎದ್ದಳು. “ಮೊದ್ಲ ಗಾಳಿ ನಿಲ್ಲಿಸ್ರಿ. ಅಕಿನ್ನ ನೋಡಿ ಹೇಳ್ತೀನಿ. ನೋಡದ ನಾ ಹೆಂಗ ಹೇಳ್ಲಿ?”

ಕೊಟ್ರೇಶ ಈ ಸಲ ಅಪ್ಪಣೆ ಪಡೆದು ಗಾಳಿ ನಿಲ್ಲಿಸಿದ. ಊರಿನಲ್ಲಿ ಹುಟ್ಟಿದವರು ಹುಟ್ಟಿದಾಗಿನಿಂದ ಕೇಳುತ್ತಿದ್ದ ಗುಂಯ್ ಅನ್ನುವ ಸದ್ದು ಇಲ್ಲದಂತಾಯಿತು. ನಾಯಿಗಳು ಎದ್ದು ಕೂತವು. ಎಲ್ಲೋ ಒಂದು ಕೂಸು ಅಳುವುದು ಊರ ಈ ತುದಿಯಿಂದ ಆ ತುದಿಗೆ ಕೇಳಿಸಿತು.

ಕೆಲವು ದಿನ ಬಿಟ್ಟು, ಬಿಸಿಲು ಇಳಿದ ಹೊತ್ತಿನಲ್ಲಿ, ರುದ್ರಾಣಿ ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋದಳು. ಹಿಂದೆ ಅರ್ಧ ಓಣಿ ಬಂತು. ಅಜ್ಜಿ ಕವಚದ ಹತ್ತಿರ ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಅಂಗೈಯನ್ನು ಉಕ್ಕಿನ ಮೇಲೆ ಇಟ್ಟಳು. ತೆಗೆಯಲಿಲ್ಲ. ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಅಂಗೈ ತಿರುಗಿಸಿ ಹಿಂಗೈಯನ್ನೂ ಇಟ್ಟು ನೋಡಿದಳು. ಆಮೇಲೆ ಕಿವಿ ಹಚ್ಚಿದಳು.

“ಉಸಿರು ಐತಿ,” ಅಂದಳು.

ದೊಡ್ಡಪ್ಪ ಮುಂದೆ ಬಂದ. “ನಾ ಹೇಳಲಿಲ್ಲೇನು?”

“ಉಸಿರು ಇರಬಾರದೇನೋ ಮಳ್ಳ? ತವರಿಗೆ ಬಂದ ಮಗಳು ಹೆಣದಂಗ ತಣ್ಣಗ ಬೀಳಬೇಕಂತ ಯಾವ ಶಾಸ್ತ್ರದಾಗ ಐತಿ? ಕೆಲಸ ಬಿಟ್ಟು, ಕಣ್ಣು ಮುಚ್ಚಿ, ಮಗ್ಗಲು ಬದಲಿಸಿ ಮಲಗ್ಯಾಳ. ತವರು ಅಂದ್ರ ಅಷ್ಟ.” ಅವಳು ರುದ್ರಾಣಿಯ ಕಡೆ ತಿರುಗಿದಳು. “ವರ್ಷಾ ವರ್ಷಾ ಬರ್ತಾಳಂತೇನು?”

“ವರ್ಷಾ ಬರ್ತಾಳಜ್ಜಿ. ಬರಲೇಬೇಕು, ಇಲ್ಲಾಂದ್ರ ಮೈ ತುಂಬೂದಿಲ್ಲ. ಆದ್ರ ಬೂದಿ ಮಾತ್ರ ಬ್ಯಾಡ.”

ಅಜ್ಜಿ ಉಕ್ಕಿನ ಕವಚವನ್ನು ಇನ್ನೊಮ್ಮೆ ಸವರಿದಳು. ಮೂರು ತಲೆಮಾರಿನ ಗಂಟು ಅದು. “ತಾನಾಗಿ ಬರೂ ಮಗಳಿಗೆ ನೆನಪು ಮಾಡಿ ಕರೆಸೂದು ಯಾಕ ಬೇಕು,” ಅಂದಳು ಕೊನೆಗೆ. “ಅಕ್ಕಿ, ಕೊಬ್ರಿ ಹೊರಗ ಇಡೂಣು. ಹೊನ್ನೂರಿ, ಆ ಗಡಿಗಿ ಬೂದಿ ಕೊಡ ಬೆಳಗಾಕ ತಗೋ. ಮದುವಿ ಮನಿ, ಕೊಡ ಬಾಳ ಅದಾವು.”

ಒಂದೇ ಚಪ್ಪರದಲ್ಲಿ ಹನ್ನೊಂದು ಜೋಡಿಗೆ ಮದುವೆ. ಬೇರೆ ಬೇರೆ ಚಪ್ಪರ ಹಾಕಲು ಬಿದಿರು ಸಾಲಲಿಲ್ಲ, ಡೊಳ್ಳಿನವರು ಸಾಲಲಿಲ್ಲ, ಹೋಳಿಗೆ ತಟ್ಟುವ ಕೈ ಸಾಲಲಿಲ್ಲ. ಓಣಿಯ ಗಂಡಸರೆಲ್ಲ ಬಿಳಿ ಬಟ್ಟೆಯಲ್ಲಿ, ಹೆಂಗಸರೆಲ್ಲ ರೇಷ್ಮೆಯಲ್ಲಿ, ಒಟ್ಟಿಗೆ ಒಂದೇ ಕಡೆ. ರುದ್ರಾಣಿ ಅಷ್ಟು ಜನರನ್ನು ಒಮ್ಮೆಗೆ ನೋಡಿ ಎಷ್ಟು ವರ್ಷವಾಗಿತ್ತೋ. ಬೂಟಿಲ್ಲದ ಅಪ್ಪನ ಪಾದ ಎಷ್ಟು ಬಿಳಿಯಾಗಿದೆ ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು.

ನಾಗವೇಣಿಗೂ ಕೊಟ್ರೇಶನಿಗೂ ನಡುವೆ ಹಿಡಿದ ಅಂತರಪಟದ ಒಂದು ತುದಿ ರುದ್ರಾಣಿಯ ಕೈಯಲ್ಲಿತ್ತು. ಸೊಂಟದಲ್ಲಿ ಸಿಕ್ಕಿಸಿದ ಫೋನು ಗುಂಯ್ ಅಂದಿತು. ಪರೀಕ್ಷಾ ಕೋಣೆಯಿಂದ ಬರಬೇಕಾಗಿದ್ದ ಸುದ್ದಿ ಅದು, ಅವಳಿಗೆ ಗೊತ್ತು. ಗುಳಿ ತುಂಬಿತೋ ಇಲ್ಲವೋ. ಬೆರಳು ಅತ್ತ ಹೋಗಲಿಲ್ಲ. ಬಟ್ಟೆ ಸಡಿಲಾದರೆ ಮದುಮಗಳು ಹೊತ್ತಿಗೆ ಮೊದಲೇ ಮದುಮಗನ ಮುಖ ನೋಡಿಬಿಡುತ್ತಾಳೆ.

“ನೋಡಬೇಕಂದ್ರ ನೋಡು,” ಅಂತ ನಾಗವೇಣಿ ಬಾಸಿಂಗದ ಒಳಗಿನಿಂದ ಪಿಸುಗುಟ್ಟಿದಳು. “ನಾ ಬೇಕಾದ್ರ ಕಣ್ಣು ಮುಚ್ಚಿಕೊಂತೀನಿ.”

“ಸುಮ್ಮನಿರು.”

ಡೊಳ್ಳು ಏರಿತು. ಅಂತರಪಟ ಸರಿಯಿತು. ಅಕ್ಕಿಕಾಳು ಬಿದ್ದವು. ಯಾವ ಸೈರನ್ನೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಕೊಟ್ರೇಶ ಹಾಕಿದ ತಾಳಿಯ ಗಂಟು ಎರಡು ಸಲ ಬಿಚ್ಚಿಕೊಂಡಿತು. ಯಾರೋ “ಗಾಳಿ ಜೋರೈತೇನು ಮಾವಾ” ಅಂದರು.

ಊಟದ ಪಂಕ್ತಿಯಲ್ಲಿ ಸುಲೋಚನಾ ಅವಳ ಪಕ್ಕಕ್ಕೆ ಬಂದು ಕೂತರು. ಅವರ ಕೈಯಲ್ಲೂ ಫೋನಿತ್ತು. “ನೋಡಿದ್ರಾ? ಗುಳಿ ತುಂಬಿದೆ. ನಾವು ಅಂದುಕೊಂಡದ್ದಕ್ಕಿಂತ ಬೇಗ. ಬಳೆ ಪೂರ್ತಿ ಹಸಿರು.” ಅವರ ಕಣ್ಣುಗಳು ಹೊಳೆಯುತ್ತಿದ್ದವು. “ಮೇಲಿನವರು ಫೋನ್ ಮಾಡಿದ್ರು. ಇಷ್ಟು ಚೆನ್ನಾಗಿದ್ದರೆ ನಾಳೆನೇ ಗಾಳಿ ಬಿಡಬಹುದಲ್ಲ ಅಂತಾರೆ. ನೀವೇನಂತೀರಿ? ಇಟ್ಟಿಗೆ ನಿಮ್ಮದು.”

ರುದ್ರಾಣಿ ಎಲೆಯಿಂದ ತಲೆ ಎತ್ತಿ ನೋಡಿದಳು. ಎದುರಿನ ಪಂಕ್ತಿಯಲ್ಲಿ ನಾಗವೇಣಿ ಕೊಟ್ರೇಶನ ಎಲೆಯಿಂದ ಹೋಳಿಗೆ ಕದಿಯುತ್ತಿದ್ದಳು. ಅವಳ ಪಕ್ಕ ಅಪ್ಪ, ಅಪ್ಪನ ಪಕ್ಕ ಅವ್ವ, ಅವ್ವನ ಪಕ್ಕ ಅಜ್ಜಿ. ಒಂದೇ ಸಾಲಿನಲ್ಲಿ, ಒಂದೇ ಹೊತ್ತಿನಲ್ಲಿ. ಸಾಲು ಬಡಿಸುವವನನ್ನು ಗದರಿಸುತ್ತಿತ್ತು, ನಗುತ್ತಿತ್ತು.

ಇಟ್ಟಿಗೆಗೆ ಇನ್ನು ಮಂದ ಉರಿ ಬೇಕಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಇಟ್ಟಂಗಿಗೆ ಸಾಕಾಗೇತಿ ಮೇಡಂ,” ಅಂದಳು. “ನಮಗ ಇನ್ನೂ ಸಾಕಾಗಿಲ್ಲ. ಹದಿನೈದು ದಿನ ಅಂತ ಹೇಳಿ ಕರೆಸೀವಿ. ಹೇಳಿದ ದಿನಕ್ಕಿಂತ ಮುಂಚೆ ಮಗಳನ್ನ ಕಳಿಸೂ ಪದ್ಧತಿ ನಮ್ಮ ಓಣ್ಯಾಗ ಇಲ್ಲ.”

ಸುಲೋಚನಾ ಫೋನನ್ನು ಚೀಲಕ್ಕೆ ಹಾಕಿದರು. ಹೋಳಿಗೆಯವನು ಬಂದ. ಅವರು ಎಲೆಯನ್ನು ಮುಂದಕ್ಕೆ ಸರಿಸಿ, “ಎರಡು ಹಾಕಪ್ಪ,” ಅಂದರು, “ತುಪ್ಪ ಸ್ವಲ್ಪ ಧಾರಾಳವಾಗಿ ಇರಲಿ. ಅವಸರ ಏನಿಲ್ಲ.”